ಮುನ್ನೂರು ಮೀಟರಿನ ಪರೀಕ್ಷೆ

ನನ್ನ ರೈಫಲ್ಲನ್ನು ನನ್ನ ಗಂಡ ಇವತ್ತಿನವರೆಗೂ ನೋಡಿಲ್ಲ. ಸಿಂಗಾಪುರದಲ್ಲಿ ಗುರಿ ಹೊಡೆಯುವ ರೈಫಲ್ ಕೊಂಡರೂ ಮನೆಗೆ ತರುವ ಹಾಗಿಲ್ಲ. ಅದು ಕ್ಲಬ್ಬಿನ ಕೋಣೆಯಲ್ಲಿ ಬೀಗದೊಳಗೇ ಇರಬೇಕು. ಶನಿವಾರ ಹೋಗಬೇಕು, ಸಹಿ ಹಾಕಿ ತೆಗೆಸಿಕೊಳ್ಳಬೇಕು, ಹೊಡೆದಾದ ಮೇಲೆ ಒರೆಸಿ ವಾಪಸ್ ಒಪ್ಪಿಸಬೇಕು. "ಐಸಿಯುನಲ್ಲಿರೋರನ್ನ ನೋಡ್ಕೊಂಡು ಬಂದ ಹಾಗೆ ಬರ್ತೀಯಲ್ಲೇ," ಅನ್ನುತ್ತಾನೆ ಗಂಡ. ಅವನು ಮೈಸೂರಿನವನು. ಟ್ಯಾಂಪಿನೀಸಿನ ನಮ್ಮ ಮನೆಯಲ್ಲಿ ಅವನು ಗುರಿಯಿಟ್ಟು ಹಿಡಿಯುವುದು ಟಿವಿ ರಿಮೋಟು ಒಂದನ್ನೇ.

ಈ ಹುಚ್ಚು ಹಿಡಿದದ್ದು ಆಫೀಸಿನ ಒಂದು ಔಟಿಂಗಿನಲ್ಲಿ. ಜುರಾಂಗ್ ಐಲ್ಯಾಂಡಿನ ಕಾರ್ಖಾನೆಯ ನಮ್ಮಂಥ ಇಂಜಿನಿಯರುಗಳನ್ನೆಲ್ಲ ಕಂಪನಿ ಬಸ್ಸಿನಲ್ಲಿ ಕ್ಲಬ್ಬಿಗೆ ಕರೆದುಕೊಂಡು ಹೋಗಿ ಕೈಗೊಂದು ರೈಫಲ್ ಕೊಟ್ಟರು. ಮೊದಲ ಗುಂಡಿಗೆ ಉಳಿದವರೆಲ್ಲ ಬೆಚ್ಚಿದರು, ನಾನು ಬೆಚ್ಚಲಿಲ್ಲ. ನಮ್ಮಪ್ಪ ನಡೆಸುತ್ತಿದ್ದದ್ದು ಹಿಟ್ಟಿನ ಗಿರಣಿ. ನಾನು ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಓದಿದ್ದು ಆ ಗಿರಣಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಸದ್ದಿಗೆ ಹೆದರಿದ್ದರೆ ಇವತ್ತಿಗೂ ಜೋಳ ಅಳೆಯುತ್ತಾ ಕೂತಿರುತ್ತಿದ್ದೆ.

ರೈಫಲ್ ಆರಿಸುವಾಗಲೂ ಅದೇ ಬುದ್ಧಿ. ನನಗೆ ಗೊತ್ತಿದ್ದದ್ದು ಒಂದೇ ದಾರಿ: ಸಿಲೆಬಸ್ ಹುಡುಕು, ಪೂರ್ತಿ ಓದು, ಫಸ್ಟ್ ರ್‍ಯಾಂಕ್ ಯಾರದ್ದೋ ಅದನ್ನು ತಗೋ. ತಿಂಗಳುಗಟ್ಟಲೆ ಓದಿದೆ. ನಳಿಗೆಯ ಉದ್ದ, ಟ್ರಿಗರಿನ ಬಿಗಿ, ಯಾವ ಗುಂಡು ಗಾಳಿಗೆ ಎಷ್ಟು ಜರುಗುತ್ತದೆ ಎನ್ನುವುದನ್ನೆಲ್ಲ ಗಂಡನಿಗೆ ಊಟದ ತಟ್ಟೆಯ ಮುಂದೆ ಒಪ್ಪಿಸಿದೆ. ಕೊನೆಗೆ ಎಲ್ಲರೂ ಹೊಗಳಿದ, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ಹೊಡೆಯುವ ಒಂದು ರೈಫಲ್ ಕೊಂಡೆ. ಅದನ್ನು ಮಾಡಿದವರು ಆರಡಿ ಎತ್ತರದ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರು ಅನ್ನುವ ಸಂಗತಿ ಮಾತ್ರ ಸಿಲೆಬಸ್ಸಿನಲ್ಲಿ ಇರಲಿಲ್ಲ. ಭುಜಕ್ಕೆ ಊರುವ ಹಿಂಭಾಗದ ದಿಮ್ಮಿಯನ್ನು ಬಿಚ್ಚಿ ಗಿಡ್ಡ ಮಾಡಿಸಿದೆ.

ಮೇಜಿನ ಮುಂದೆ ಕೂತು ಹೊಡೆಯುವ ಹಂತವನ್ನು ಸಲೀಸಾಗಿ ದಾಟಿದೆ. ಮುಂದಿನದು ಮುನ್ನೂರು ಮೀಟರು. ಅಲ್ಲಿ ಬೋರಲು ಮಲಗಿ ಹೊಡೆಯಬೇಕು, ತೂತುಗಳೆಲ್ಲ ಒಂದು ಚಹಾ ಬಸಿಯೊಳಗೆ ಕೂರುವಷ್ಟು ಒತ್ತಾಗಿ ಬೀಳಬೇಕು. ನಮ್ಮ ಕ್ಲಬ್ಬಿನ ನಿಯಮ ಕಟ್ಟುನಿಟ್ಟು: ಮೂರು ಅವಕಾಶ. ಮೂರರಲ್ಲೂ ಫೇಲಾದರೆ ಸ್ವಂತ ರೈಫಲ್ ಇಡುವ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ. ಮನೆಗಂತೂ ತರುವಂತಿಲ್ಲ. ಅಂದರೆ ಮಾರಲೇಬೇಕು.

ಕಾಯುತ್ತಿದ್ದವರು ಟೋವಾ ಪಾಯೋದ ಒಬ್ಬ ಚೀನೀ ಅಂಕಲ್, ರಿಟೈರಾದವರು. ನನ್ನ ರೈಫಲ್ಲನ್ನು ವಧುವನ್ನು ನೋಡುವ ಹಾಗೆ ನೋಡುತ್ತಿದ್ದರು.

ಮೊದಲ ಸಲ ಫೇಲಾದೆ. ತೂತುಗಳು ಮೇಲೆ ಕೆಳಗೆ, ಮೇಲೆ ಕೆಳಗೆ, ನೆಟ್ಟಗೆ ಒಂದು ಸಾಲು. ನನ್ನ ಜನ್ಮದಲ್ಲೇ ಯಾವ ಪರೀಕ್ಷೆಯಲ್ಲೂ ಫೇಲಾದವಳಲ್ಲ ನಾನು. ರೈಫಲ್ಲಿನ ಮೇಲೆ ಕೂರಿಸಿದ ದುರ್ಬೀನಿನದೇ ತಪ್ಪು ಎಂದು ಅದನ್ನು ಬದಲಾಯಿಸಿದೆ. ಅಂಕಲ್ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸೆಲ್ಲಿಂಗ್ ಆರ್ ನಾಟ್?"

"ನಾಟ್, ಅಂಕಲ್."

ಎರಡನೇ ಸಲವೂ ಅದೇ ಸಾಲು. ಈಗ ಕೆನ್ನೆ ಊರುವ ಪಟ್ಟಿಯನ್ನು ಎತ್ತರಿಸಿದೆ, ನಳಿಗೆಗೆ ಆಸರೆಯಾದ ಮುಂದಿನ ಕಾಲುಗಳನ್ನು ಉದ್ದ ಮಾಡಿದೆ, ಹಿಂದೆ ಮರಳಿನ ಚೀಲ ಇಟ್ಟೆ, ಅದು ಮೆತ್ತಗಾಯಿತೆಂದು ಇನ್ನೊಂದು ಚೀಲ ಇಟ್ಟೆ. ರೈಫಲ್ ನೋಡಿದರೆ ಮೂಳೆ ಮುರಿದು ಕಟ್ಟು ಹಾಕಿಸಿಕೊಂಡ ರೋಗಿಯಂತೆ ಕಾಣುತ್ತಿತ್ತು. ಅಂಕಲ್‌ಗೆ ಸಂಕಟವಾಯಿತು. "ಅಯ್ಯೋ, ಅದರ ಮೈಮೇಲೆ ಇನ್ನೇನೂ ಹಾಕಬೇಡ ಲಾ," ಎಂದು ಸಿಂಗಾಪುರದ ಇಂಗ್ಲಿಷಿನಲ್ಲಿ ಬೇಡಿಕೊಂಡರು. "ಆಮೇಲೆ ಎಲ್ಲಾ ನಾನೇ ಬಿಚ್ಚಬೇಕು."

ಗಂಡ ಹೇಳಿದ: "ಬಿಟ್ಬಿಡೇ. ಬ್ಯಾಡ್ಮಿಂಟನ್ ಆಡು. ರ್‍ಯಾಕೆಟ್ಟನ್ನಾದ್ರೂ ಮನೆಗೆ ತರಬಹುದು."

ಮೂರನೇ ಪರೀಕ್ಷೆಯ ದಿನ ನಾನು ಅವನ ಜೊತೆ ಮಾತಾಡದೇ ಹೊರಟೆ.

ಪರೀಕ್ಷೆ ನಡೆಸುವ ರೇಂಜ್ ಆಫೀಸರ್ ಎಲ್ಲರ ಜಾಕೆಟ್ ತಪಾಸಣೆ ಮಾಡುತ್ತಿದ್ದರು. ಮೈಗೆ ಆಸರೆಯಾಗುವ ಗಟ್ಟಿ ವಸ್ತು ಒಳಗಿರಬಾರದು ಅಂತ ಆ ತಿಂಗಳಷ್ಟೇ ಹೊಸ ನಿಯಮ ಬಂದಿತ್ತು. ಹೆಂಗಸರನ್ನು ಮುಟ್ಟುವ ಹಾಗಿಲ್ಲವೆಂದು ಅವರು ಒಂದು ಪೆನ್ನಿನ ತುದಿಯಿಂದ ನನ್ನ ಜಾಕೆಟ್ಟಿನ ಎದೆಯ ಭಾಗಕ್ಕೆ ತಟ್ಟಿದರು. ಟಕ್ ಎಂದಿತು.

"ಒಳಗೇನಿದೆ?"

ಜಾಕೆಟ್ಟಿನ ಮೇಲಿಂದಲೇ ಮುಟ್ಟಿ ನೋಡಿಕೊಂಡೆ. ಆಮೇಲೆ ಹೊಳೆಯಿತು. ಶಿವದಾರದಲ್ಲಿ ಲಿಂಗದ ಕರಡಿಗೆ. ಬೆಳ್ಳಿಯದು, ನಿಂಬೆಹಣ್ಣಿನ ಗಾತ್ರದ್ದು. ತಿಳಿವಳಿಕೆ ಬಂದಾಗಿನಿಂದ ಕೊರಳಲ್ಲಿದೆ. ಕಿವಿ, ಮೂಗು ಇದ್ದ ಹಾಗೆ. ಕೂತು ಹೊಡೆಯುವಾಗ ತನ್ನ ಪಾಡಿಗೆ ತೂಗಾಡುತ್ತಿತ್ತು. ಬೋರಲು ಮಲಗಿದಾಗ ನಾನು ನಿಂಬೆಹಣ್ಣಿನ ಮೇಲೆ ಮಲಗಿದಂತೆ ಮಲಗಿ, ಎದೆಯ ಪ್ರತಿ ಬಡಿತಕ್ಕೂ ಮುಂದೆ ಹಿಂದೆ ತೊಟ್ಟಿಲಾಗಿದ್ದೆ. ತೂತುಗಳ ಆ ಮೇಲೆ ಕೆಳಗಿನ ಸಾಲು ಬಂದದ್ದು ಅದರಿಂದಲೇ. ಗಾಳಿಯ ಲೆಕ್ಕ, ಉಷ್ಣಾಂಶದ ಲೆಕ್ಕ ಎಲ್ಲ ಹಾಕಿದ ಇಂಜಿನಿಯರಮ್ಮ ಎದೆಯಡಿ ಏನಿದೆ ಅಂತ ನೋಡಿರಲಿಲ್ಲ.

"ನನ್ನ ದೇವರು, ಸರ್."

ಆಫೀಸರ್ ನಗಲಿಲ್ಲ. "ತೆಗೆಯಬಹುದಾ?"

"ತೆಗೆಯುವ ಹಾಗಿಲ್ಲ."

ಅವರು ನಿಯಮದ ಹಾಳೆ ತಿರುವಿದರು. ದೇವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. "ಎದೆಯ ಮೇಲೆ ಬೇಡ. ಬೇರೆ ಕಡೆ ಶಿಫ್ಟ್ ಆಗುತ್ತಾ ನಿಮ್ಮ ದೇವರು? ಹತ್ತು ನಿಮಿಷ ಟೈಮ್ ಕೊಡ್ತೀನಿ."

ಆಗುತ್ತದೆ. ನಮ್ಮಲ್ಲಿ ರಟ್ಟೆಗೆ ಕಟ್ಟಿಕೊಳ್ಳುವವರೂ ಇದ್ದಾರೆ. ಟಾಯ್ಲೆಟ್ಟಿಗೆ ಓಡಿ, ಜಾಕೆಟ್ ಬಿಚ್ಚಿ, ಶಿವದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಎಡ ರಟ್ಟೆಗೆ ಸುತ್ತತೊಡಗಿದೆ. ಮೊದಲ ಗಂಟು ಜಾರಿತು. ಎರಡನೆಯದೂ ಜಾರಿತು. ಕೈ ತೊಳೆಯಲು ಬಂದ ಒಬ್ಬ ಚೀನೀ ಆಂಟಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿದ್ದಾಳೆ ಅಂತಲೋ ಏನೋ ಗಾಬರಿಯಾದಳು. "ಗಾಡ್, ಗಾಡ್," ಎಂದೆ ಹಲ್ಲು ಬಿಡದೆ. ಅವಳು ಹತ್ತಿರ ಬಂದು ಮೂರು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿಕೊಟ್ಟಳು.

ವಾಪಸ್ ಬಂದು ಮಲಗಿದರೆ ದುರ್ಬೀನಿನಲ್ಲಿ ಕತ್ತಲೆ! ಮೈ ಒಂದಿಂಚು ಕೆಳಗಿಳಿದಿತ್ತು. ನಾನು ಎತ್ತರಿಸಿದ್ದೆಲ್ಲ ಈಗ ಹೆಚ್ಚಾಗಿತ್ತು. ಕೆನ್ನೆಪಟ್ಟಿಯನ್ನು ಇಳಿಸಿದೆ, ಕಾಲುಗಳನ್ನು ಗಿಡ್ಡ ಮಾಡಿದೆ, ಎರಡನೇ ಚೀಲವನ್ನು ಆಚೆ ತಳ್ಳಿದೆ. ತಿಂಗಳುಗಟ್ಟಲೆ ಮಾಡಿದ ಅಪ್‌ಗ್ರೇಡನ್ನೆಲ್ಲ ನಿಮಿಷಗಳಲ್ಲಿ ಕಳಚಿ, ಹೆಚ್ಚುಕಡಿಮೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದೆ. ಹಿಂದೆ ನಿಂತಿದ್ದ ಅಂಕಲ್‌ರ ಮುಖದಲ್ಲಿ ಸಂತೋಷವೋ ಸಂತೋಷ. ತಮಗೋಸ್ಕರವೇ ಬಿಚ್ಚುತ್ತಿದ್ದೇನೆ ಅಂದುಕೊಂಡರು, ಪಾಪ.

ಉಸಿರು ಬಿಟ್ಟೆ. ನೆಲ ನೆಲದ ಹಾಗೇ ಇತ್ತು, ತೂಗಲಿಲ್ಲ. ಹೊಡೆದೆ. ಮತ್ತೆ ಹೊಡೆದೆ. ಕೊನೆಯ ಗುಂಡನ್ನು ಆತುರಪಟ್ಟು ಹೊಡೆದೆ. ಅದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಆಫೀಸರ್ ಗುರಿಹಾಳೆಯನ್ನು ತರಿಸಿ, ಅದರ ಮೇಲೆ ಚಹಾ ಬಸಿಯಗಲದ ಅಳತೆಯ ಬಿಲ್ಲೆ ಇಟ್ಟು ಬಹಳ ಹೊತ್ತು ಬಗ್ಗಿ ನೋಡಿದರು. ಕೊನೆಯ ತೂತು ಬಿಲ್ಲೆಯ ಅಂಚನ್ನು ಮುಟ್ಟಿಕೊಂಡಿತ್ತು. ಮುಟ್ಟಿದರೆ ಒಳಗಿನ ಲೆಕ್ಕ.

"ಪಾಸ್," ಎಂದರು. "ಏಳಿ, ಮುಂದಿನವರು ಕಾಯ್ತಿದ್ದಾರೆ."

ನಾನು ಏಳಲಿಲ್ಲ. ಮೂರನೇ ಸಲಕ್ಕೆ ಪಾಸಾಗುವುದು ಹೇಗಿರುತ್ತದೆ ಅಂತ ನನಗೆ ಅದುವರೆಗೆ ಗೊತ್ತಿರಲಿಲ್ಲ. ಫಸ್ಟ್ ಕ್ಲಾಸಿಗಿಂತ ಚೆನ್ನಾಗಿತ್ತು. ಇನ್ನೊಂದು ನಿಮಿಷ ಹಾಗೇ ಮಲಗಿದ್ದೆ.