ನಾಣ್ಯವಿಟ್ಟು ನೋಡದ ಅಲಗು

ಮೊನ್ನೆ ದೋಹಾದ ಮುಶೈರಿಬ್‌ನಲ್ಲಿ ಬೀಗದ ಕೈ ಮಾಡುವ ಅಂಗಡಿಯ ಮುಂದೆ ಹಾದುಹೋಗುವಾಗ, ಸಾಣೆಗೆ ಕೊಟ್ಟ ಕಬ್ಬಿಣದ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಾಲು ಮುಂದೆ ಹೋಗಲಿಲ್ಲ. ಐಸ್ ಹಾಕಿ ಕಲಿಸುತ್ತಿದ್ದ ಆ ರಷ್ಯದವರು ನೆನಪಾದರು…

ಇಲ್ಲಿನ ಒಂದು ಮಾಲ್‌ನೊಳಗಿನ ಐಸ್ ಅಂಗಳದಲ್ಲಿ ನಾನು ಹದಿನೆಂಟು ವರ್ಷ ಸ್ಕೇಟುಗಳ ಅಲಗಿಗೆ ಸಾಣೆ ಹಿಡಿದವನು. ಹಾಕಿ ಕಲಿಯಲು ಬರುವ ಮಕ್ಕಳು ಮೊದಲು ನನ್ನ ಹತ್ತಿರವೇ ಓಡಿ ಬರುತ್ತಿದ್ದರು. ಆ ರಷ್ಯದವರು ಬಂದ ಮೇಲೆ ಅದು ನಿಂತಿತು. ಅಮೆರಿಕದ ದೊಡ್ಡ ತಂಡಗಳಲ್ಲಿ ಆಡಿ ಬಂದವರು. ಇಲ್ಲಿ ತಾತ್ಕಾಲಿಕ ಕೋಚ್.

"ಎಂತ ಬ್ಯಾರಿಗಳೇ, ಮಕ್ಕಳೆಲ್ಲ ಆ ರಷ್ಯದವನ ಹಿಂದೆ! ನಿಮ್ಮದು ಖಲಾಸ್," ಎಂದು ಟಿಕೆಟ್ ಕೌಂಟರಿನ ಉಡುಪಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೊಟ್ಟೆಯೊಳಗೆ ಬೆಂಕಿ.

ಚಹಾದ ಹೊತ್ತಿಗೆ ಆ ರಷ್ಯದವರು ಮೊಬೈಲಿನಲ್ಲಿ ಅಮೆರಿಕದ ಪಂದ್ಯಗಳನ್ನು ತೋರಿಸುತ್ತಿದ್ದರು. ತಮ್ಮ ಕಾಲದಲ್ಲಿ ರಷ್ಯದವರು ಗೋಲು ಹೊಡೆದರೆ ಸಾಕಿತ್ತು, ತಂಡ ನಡೆಸಲು ಯಾರೂ ನಂಬುತ್ತಿರಲಿಲ್ಲ, ಬೈಗುಳ ಬೇರೆ ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದರು. "ಈಗ ನೋಡು ಬ್ರದರ್, ನಮ್ಮ ಹುಡುಗನೇ ಕ್ಯಾಪ್ಟನ್!"

"ನಿಮಗೆ ಸಿಗದ್ದು ಅವನಿಗೆ ಸಿಕ್ಕಿತಲ್ಲ, ಬೇಜಾರಿಲ್ವಾ?" ಎಂದೆ.

"ನಾವು ಅಷ್ಟು ಬೈಸಿಕೊಂಡದ್ದು ಮತ್ತೆ ಯಾರಿಗಾಗಿ?" ಎಂದು ಬೆನ್ನು ತಟ್ಟಿದರು. ಆ ದೊಡ್ಡ ಮನಸ್ಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಕೆಲಸ ಕಾಯಂ ಮಾಡುವ ಮೊದಲು ಮಕ್ಕಳ ತಂದೆತಾಯಿಯರ ಎದುರು ಅವರನ್ನು ಒಮ್ಮೆ ಆಡಿಸಿ ನೋಡಲು ಮ್ಯಾನೇಜರ್ ನಿಶ್ಚಯಿಸಿದರು. ಕಾಯಂ ಆದರೆ ಅವರು ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಬೇರೆ ಯಾರು ಸಾಣೆ ಹಿಡಿದರೂ ಅಲಗಿನ ಮೇಲೆ ನಾಣ್ಯವಿಟ್ಟು ಎರಡೂ ಅಂಚು ಸಮ ಇದೆಯೇ ಎಂದು ನೋಡುತ್ತಿದ್ದವರು, ನಾನು ಹಿಡಿದದ್ದನ್ನು ಮಾತ್ರ ಎಂದೂ ನೋಡಿರಲಿಲ್ಲ. ಅಂದು ನಾನು ಬೇಕೆಂದೇ ಅವರ ಅಲಗಿನ ಒಂದು ಅಂಚನ್ನು ತಗ್ಗಿಸಿದೆ.

ಮೊದಲ ತಿರುವಿನಲ್ಲೇ ಬಿದ್ದರು. ಎದ್ದರು, ಮತ್ತೆ ಬಿದ್ದರು. ಬೆಂಚಿಗೆ ಬಂದು ಸ್ಕೇಟು ಬಿಚ್ಚಿ, ಅಲಗಿನ ಮೇಲೆ ನಾಣ್ಯವಿಟ್ಟರು. ಅದು ವಾಲಿತು. ನನ್ನ ಕಡೆ ನೋಡಿದರು… ಏನಾಯಿತೆಂದು ಮ್ಯಾನೇಜರ್ ಕೇಳಿದಾಗ, "ಮೊಣಕಾಲು" ಎಂದರು. ಅಷ್ಟೇ. ಕೆಲಸ ಕಾಯಂ ಆಗದೆ ಆ ತಿಂಗಳೇ ಊರಿಗೆ ಹೊರಟುಹೋದರು.

ಈಗ ನಾನು ಕೆಲಸ ಬಿಟ್ಟು ದೋಹಾದ ಪಕ್ಕದ ಅಲ್ ರಯ್ಯಾನ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊನ್ನೆ ಸಂಜೆ ಧೈರ್ಯ ಮಾಡಿ, ಆ ರಷ್ಯದವರ ನಂಬರ್ ಕೇಳಲು ಉಡುಪಿಯವರಿಗೆ ಫೋನ್ ಮಾಡಿದೆ.

"ಎಂತ ಮಾರಾಯ್ರೆ, ಅವರು ತೀರಿಹೋಗಿ ಎರಡು ವರ್ಷ ಆಯ್ತಲ್ಲ!"

ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಕ್ಷಮಿಸಬೇಕು ಎಂದು ಮದ್ರಸದಲ್ಲಿ ಕಲಿತವನು ನಾನು. ಐದು ಹೊತ್ತೂ ಕೈಯೆತ್ತಿ ಬೇಡುತ್ತೇನೆ. ಯಾರಲ್ಲಿ ಬೇಡಬೇಕಿತ್ತೋ ಅವರು ಬದುಕಿದ್ದಷ್ಟು ದಿನ ಬೇಡಲಿಲ್ಲ.