ಪಕ್ಕದ ಮನೆಯ ಮಂದಾಯಿ ಗುರುಗಳು

ಬೆಳಿಗ್ಗೆ ಹಿತ್ತಲಲ್ಲಿ ಒದ್ದೆ ಪಂಚೆ ಹರವುತ್ತಿದ್ದೆ. ಹಸಿ ಹತ್ತಿಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ಗುರುಗಳು ನೆನಪಾದರು. ಈ ಪರದೇಶದ ಕ್ವೀನ್ಸ್‌ಬರಿಯ ಬೀದಿಯಲ್ಲಿ ಹನ್ನೊಂದು ವರ್ಷ ನಮ್ಮ ಪಕ್ಕದ ಮನೆಯಲ್ಲಿದ್ದವರು. ಇರಾಕಿನಿಂದ ಬಂದ ಮಂದಾಯಿ ಎಂಬ ಹಳೆಯ ಪಂಥದವರು. ಹರಿಯುವ ನೀರಿನಲ್ಲಿ ಮುಳುಗೇಳುವುದೇ ಅವರ ದೊಡ್ಡ ಪೂಜೆ. ತಲೆತಲಾಂತರದ ಪುರೋಹಿತರ ಮನೆತನ. ನನ್ನದೂ ಧಾರವಾಡದ ವೈದಿಕರ ಮನೆತನವೇ. ಆದರೆ ನನ್ನ ಜನಿವಾರ ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುತ್ತದೆ. ಅದಕ್ಕಿಂತ ಹೆಚ್ಚು ಕೇಳಬೇಡಿ.

ಭಾನುವಾರ ನನ್ನ ಕಾರಿನಲ್ಲೇ ಅವರನ್ನು ಊರಾಚೆಯ ನದಿಗೆ ಕರೆದೊಯ್ಯುತ್ತಿದ್ದೆ. ಬಿಳಿ ನಿಲುವಂಗಿ, ಬಿಳಿ ಮುಂಡಾಸು, ಎದೆಯುದ್ದ ಗಡ್ಡ. ಗಡಗಡ ನಡುಗಿಸುವ ಚಳಿಯಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ತಮ್ಮ ಜನರನ್ನು ಒಬ್ಬೊಬ್ಬರಾಗಿ ಮುಳುಗಿಸುತ್ತಿದ್ದರು.

"ಮನೆಯ ಟಬ್ಬಿನಲ್ಲೇ ಬಿಸಿನೀರು ತುಂಬಿಸಬಾರದೇ, ಗುರುಗಳೇ?" ಎಂದೆ ಒಮ್ಮೆ.

"ನಿಂತ ನೀರಿಗೆ ಜೀವ ಇಲ್ಲ, ಡಾಕ್ಟರ್," ಎಂದು ನಕ್ಕರು.

ನನ್ನ ಕಾರಿನ ಸೀಟು ಸೋಮವಾರದವರೆಗೂ ಒಣಗುತ್ತಿರಲಿಲ್ಲ. ಹೆಂಡತಿಯ ಮುಖ ಸಡಿಲಾಗಲು ಬುಧವಾರ ಬೇಕಾಗುತ್ತಿತ್ತು.

ಗುರುಗಳ ಮಗ ಸಿನಾನ್ ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ದುಡಿಯುತ್ತಲೇ ಮಂತ್ರಗಳನ್ನೆಲ್ಲ ಬಾಯಿಪಾಠ ಮಾಡಿದ್ದ. ಪುರೋಹಿತನಾಗುವ ದೀಕ್ಷೆಗೆ ದಿನ ಗೊತ್ತಾಗಿತ್ತು. ಇನ್ನು ಮೂರೇ ವಾರ ಇರುವಾಗ ಹಿಟ್ಟು ನಾದುವ ಯಂತ್ರಕ್ಕೆ ಅವನ ಬಲಗೈ ಸಿಕ್ಕಿಬಿತ್ತು. ಗುರುಗಳ ಜೊತೆ ನಾನೂ ಆಸ್ಪತ್ರೆಗೆ ಓಡಿದೆ.

"ಬೆರಳುಗಳನ್ನು ಮತ್ತೆ ಹೊಲಿಯಲು ಆಗುವುದಿಲ್ಲವೇ?" ಎಂದರು.

"ಜಜ್ಜಿಹೋಗಿವೆ, ಗುರುಗಳೇ. ಆದರೆ ಪ್ರಾಣಕ್ಕೇನೂ ಭಯವಿಲ್ಲ. ಹೋದದ್ದು ಎರಡು ಬೆರಳು, ಅಷ್ಟೇ," ಎಂದೆ.

"ಅಂಗ ಊನವಾದವನು ನಮ್ಮಲ್ಲಿ ಪುರೋಹಿತನಾಗುವಂತಿಲ್ಲ. ನನಗಿರುವುದು ಒಬ್ಬನೇ ಮಗ."

"ನೀವೇ ಹಿರಿಯರಲ್ಲವೇ? ನಿಯಮ ಸ್ವಲ್ಪ ಸಡಿಲಿಸಿ."

"ಅದು ನಾನು ಮಾಡಿದ್ದಲ್ಲ, ಡಾಕ್ಟರ್. ಹೊತ್ತುಕೊಂಡು ಬಂದದ್ದು."

ಮುಂದಿನ ಎರಡು ಚಳಿಗಾಲ ಅವರೊಬ್ಬರೇ ನೀರಿಗಿಳಿದರು. ಆಮೇಲೆ ಶ್ವಾಸಕೋಶ ಸೋತಿತು. ಅಂತ್ಯಕಾಲದ ಮಂತ್ರ ಹೇಳಲು ಬೇರೆ ದೇಶದಿಂದ ಪುರೋಹಿತರೊಬ್ಬರು ಬರಬೇಕಿತ್ತು. ಅವರಿಗೆ ವೀಸಾ ಸಿಗಲಿಲ್ಲ. ಉಸಿರಿರುವಾಗಲೇ ಮೈ ತೊಳೆದು ಬಿಳಿ ಬಟ್ಟೆ ತೊಡಿಸುವುದು ಅವರ ಪದ್ಧತಿ. ನಾನೂ ಸಿನಾನನೂ ನದಿಯ ನೀರು ತಂದೆವು. ಅವನೇ ಅಪ್ಪನ ಮೈ ತೊಳೆದು, ಉಳಿದ ಬೆರಳುಗಳಿಂದ ತಡವರಿಸುತ್ತ ಬಿಳಿ ಬಟ್ಟೆ ತೊಡಿಸಿದ. ಆಮೇಲೆ ಮಂತ್ರ ಹೇಳದೆ ಪಕ್ಕದಲ್ಲಿ ಕೂತುಬಿಟ್ಟ. ಎಷ್ಟೋ ಜನರನ್ನು ಆಚೆ ದಡಕ್ಕೆ ದಾಟಿಸಿದವರನ್ನು ದಾಟಿಸಲು ಯಾರೂ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ನಿನಗೆಲ್ಲ ಬಾಯಿಗೆ ಬರುತ್ತಲ್ಲೋ, ಹೇಳಿಬಿಡು. ಇಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ?"

"ಅಪ್ಪ ಕೇಳಿಸಿಕೊಳ್ಳುತ್ತಾರೆ, ಅಂಕಲ್," ಎಂದ.

ಸಂಜೆಯೊಳಗೆ, ಮಂತ್ರವಿಲ್ಲದೆಯೇ, ಗುರುಗಳ ಉಸಿರು ನಿಂತಿತು.

ಈಗ, ನಾನಿದನ್ನು ನಿಮಗೆ ಹೇಳುತ್ತಿರುವಾಗಲೇ, ಬೇಲಿಯಾಚೆ ಸಿನಾನ್ ಫೋನಿನಲ್ಲಿದ್ದಾನೆ. ಅವರ ಪೈಕಿ ಯಾರದೋ ಮನೆಯಲ್ಲಿ ಮಗು ಹುಟ್ಟಿದೆಯಂತೆ; ಅದನ್ನು ನೀರಿಗಿಳಿಸುವ ಪುರೋಹಿತರು ಬೇಕಂತೆ. "ಇಲ್ಲ. ಈಗ ಇಲ್ಲಿ ಯಾರೂ ಇಲ್ಲ," ಎನ್ನುತ್ತಿದ್ದಾನೆ. ಮೊದಲಿನ ನಾನಾಗಿದ್ದರೆ ಇಷ್ಟೊತ್ತಿಗೆ ಬೇಲಿಗೆ ಒರಗಿ ಏನಾದರೊಂದು ಉಪಾಯ ಹೇಳುತ್ತಿದ್ದೆ. ಅವನು ಫೋನಿಟ್ಟು ನನ್ನತ್ತ ನೋಡಿದ. ನಾನು ಒಳಗೆ ಹೋಗದೆ ಅಲ್ಲೇ ನಿಂತೆ.