ಓಟಿಲ್ಲದವರ ಮೆಂಬರು

ಸಿಟ್ಟು ಬಂದಾಗ ನಮ್ಮ ದೊಡ್ಡಪ್ಪನ ಕುತ್ತಿಗೆಯ ಬಲಗಡೆಯ ನರ ಬಾವಿಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ಅದು ಎದ್ದಿತೆಂದರೆ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸುತ್ತಿದ್ದೆವು. ಸಾರಿಗೆ ಉಪ್ಪು ಕಡಿಮೆಯಾದರೂ ಏಳುತ್ತಿತ್ತು, ಅಮಲ್ದಾರರು ಯಾವನೋ ರೈತನನ್ನು ಕಚೇರಿ ಮುಂದೆ ಬಿಸಿಲಲ್ಲಿ ನಿಲ್ಲಿಸಿದರೆಂದು ತಿಳಿದರೂ ಏಳುತ್ತಿತ್ತು. ದೊಡ್ಡಮ್ಮ ಮಾತ್ರ ಹೆದರುತ್ತಿರಲಿಲ್ಲ. "ಸಭೇಲಿ ಕೂಗಾಡಿ, ಇಲ್ಲಿ ಉಣ್ಣಿ" ಎಂದು ಮುದ್ದೆ ಮುರಿದು ತಟ್ಟೆಗಿಡುತ್ತಿದ್ದರು.

ದೊಡ್ಡಪ್ಪ ನಮ್ಮಪ್ಪನ ಅಣ್ಣ. ನುಗ್ಗೇಹಳ್ಳಿಗೂ ಚನ್ನರಾಯಪಟ್ಟಣಕ್ಕೂ ನಡುವೆ ಇರುವ ನಮ್ಮ ಊರಿನಲ್ಲಿ ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಒಲೆ. ಆಗ ಮಹಾರಾಜರ ಕಾಲ. ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ದೊಡ್ಡಪ್ಪ ನಮ್ಮ ತಾಲ್ಲೂಕಿನಿಂದ ಗೆದ್ದು ಹೋಗುತ್ತಿದ್ದರು. ಊರವರ ಬಾಯಲ್ಲಿ ಅವರು ಮೆಂಬರು. ಮೊದಲನೆಯ ಸಲ ಗೆದ್ದದ್ದು ಮೂವತ್ತರ ದಶಕದಲ್ಲಿ, ನಾನಿನ್ನೂ ಲಂಗ ಉಡುತ್ತಿದ್ದಾಗ. ಎರಡನೆಯ ಸಲ ಇದಿರು ನಿಂತವನು ಕೊನೆಯವರೆಗೆ ನಿಲ್ಲಲಿಲ್ಲ, ನಾಮಪತ್ರ ವಾಪಸು ತೆಗೆದುಕೊಂಡು ನಮ್ಮ ಮನೆಗೇ ಬಂದು ಮಜ್ಜಿಗೆ ಕುಡಿದು ಹೋದ.

ಈಗಿನವರಿಗೆ ಒಂದು ವಿಷಯ ಹೇಳಬೇಕು. ಆಗ ಓಟು ಎಲ್ಲರಿಗೂ ಇರಲಿಲ್ಲ. ಇಷ್ಟು ಅಂತ ಕಂದಾಯ ಕಟ್ಟುವ ಜಮೀನುದಾರನಿಗೆ ಉಂಟು, ಅವನ ಜಮೀನಿನಲ್ಲಿ ಬೆನ್ನು ಬಗ್ಗಿಸುವವನಿಗೆ ಇಲ್ಲ. ನಮ್ಮ ಮನೆಯಂಥ ತೆಂಗಿನ ತೋಟದವರು, ಹೊಲದವರು, ಪೇಟೆಯ ಮಂಡಿಯವರು ಸೇರಿ ಆರಿಸಿದರೆ ಮೆಂಬರು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಹೆಣ್ಣುಮಕ್ಕಳು ಊರಲ್ಲಿ ನಾಲ್ಕಕ್ಷರ ಕಲಿತರೆ ಹೆಚ್ಚಾಯಿತು ಎನ್ನುವ ಕಾಲದಲ್ಲಿ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಹೈಸ್ಕೂಲಿಗೆ ಸೇರಿಸಿದವರು ದೊಡ್ಡಪ್ಪ. ಅಪ್ಪ ಒಪ್ಪಿರಲಿಲ್ಲ. ಓದು ಮುಗಿಸಿ ಊರಿಗೆ ಬಂದ ಮೇಲೆ ಸಭೆಯಲ್ಲಿ ಅವರು ಆಡಬೇಕಾದ ಮಾತನ್ನು ಬರೆದುಕೊಡುವ ಕೆಲಸ ನನ್ನದಾಯಿತು. ಅವರು ಜಗಲಿಯ ಮೇಲೆ ಅತ್ತಿಂದಿತ್ತ ನಡೆಯುತ್ತ ಹೇಳುವರು, ನಾನು ಕಂಬಕ್ಕೊರಗಿ ಬರೆಯುವುದು. ಆ ಸಭೆಯಲ್ಲಿ ಎಲ್ಲರೂ "ಸರ್ಕಾರವನ್ನು ಪ್ರಾರ್ಥಿಸುತ್ತೇನೆ" ಎಂದೇ ಮುಗಿಸುವುದು ವಾಡಿಕೆ. ನಾನೂ ಹಾಗೆ ಬರೆದೆ. ಓದಿಸಿ ಕೇಳಿದವರ ಕುತ್ತಿಗೆಯ ನರ ಎದ್ದಿತು.

"ಪ್ರಾರ್ಥನೆ ದೇವಸ್ಥಾನದಾಗೆ ಮಾಡ್ತೀನಿ. ಅದನ್ನ ಒಡುದಾಕು. ಕೇಳ್ತೀನಿ ಅಂತ ಬರಿ."

"ದಿವಾನರು ಕೂತಿರ್ತಾರಲ್ಲ ದೊಡ್ಡಪ್ಪ."

"ಕೂತಿರ್ಲಿ. ನಮ್ ಕಂದಾಯದ ಕುರ್ಚಿ ತಾನೆ ಅದು."

ಆಮೇಲೆ ನಾನು ಯಾರಿಗೆ ಏನು ಬರೆದರೂ "ಪ್ರಾರ್ಥಿಸುತ್ತೇನೆ" ಎಂದು ಬರೆದಿಲ್ಲ. ಇದರಿಂದ ನನಗಾದ ನಷ್ಟವೂ ಉಂಟು, ಅದು ಬೇರೆ ಮಾತು.

ಅವರನ್ನು ದೇವರನ್ನಾಗಿ ಮಾಡುವ ಇಚ್ಛೆ ನನಗಿಲ್ಲ. ಸರಿಗೆ ಪೇಟದ ಮೇಲೆ ಅವರಿಗೆ ಬಹಳ ಮೋಹ. ಮೈಸೂರಿಗೆ ಹೊರಡುವ ದಿನ ಕನ್ನಡಿಯ ಮುಂದಿನಿಂದ ಏಳುತ್ತಿರಲಿಲ್ಲ. ದೊಡ್ಡಮ್ಮನನ್ನು ಒಂದು ಸಲವೂ ಮೈಸೂರಿಗೆ ಕರೆದುಕೊಂಡು ಹೋಗಲಿಲ್ಲ. ನಾನು ಒತ್ತಕ್ಷರ ತಪ್ಪಿದರೆ ಆಳುಮಕ್ಕಳ ಎದುರಿಗೇ ಬೈಯುತ್ತಿದ್ದರು.

ಯುದ್ಧ ಬಂತು. ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡತೊಡಗಿದವು. ಸರ್ಕಾರ ಜಮೀನುದಾರರಿಂದ ಲೆವಿ ಎಂದು ಧಾನ್ಯ ವಸೂಲಿಗೆ ಇಳಿಯಿತು, ಪೇಟೆಯ ಡಿಪೋದಲ್ಲಿ ಕಾರ್ಡಿಗೆ ರಾಗಿ ಕೊಡುತ್ತೇವೆಂದಿತು. ಜಮೀನುದಾರರು ಲೆವಿಗೆ ಸ್ವಲ್ಪ ತೋರಿಸಿ ಉಳಿದದ್ದನ್ನು ಹಗೇವಿಗೆ ಇಳಿಸಿದರು. ಹಗೇವು ಎಂದರೆ ನೆಲದೊಳಗೆ ತೋಡಿದ ರಾಗಿಯ ಗುಂಡಿ. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಬಳಿದು ಸಗಣಿ ಸಾರಿಸಿದರೆ ಒಳಗೆ ವರ್ಷಗಟ್ಟಲೆ ರಾಗಿ ಕೆಡದೆ ಇರುತ್ತದೆ, ಹೊರಗಿನವನಿಗೆ ಅಂಗಳ ಮಾತ್ರ ಕಾಣುತ್ತದೆ. ಡಿಪೋ ಬರಿದಾಯಿತು. ಕೂಲಿಯವರಿಗೆ ದುಡ್ಡು ಕೊಟ್ಟರೂ ರಾಗಿ ಇಲ್ಲ.

ನಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳಿದ್ದಳು, ಊರಾಚೆಯ ಕೇರಿಯವಳು. ಒಂದು ದಿನ ಅವಳು ಬದುವಿನ ಮೇಲೆ ಹಾಗೇ ಕುಸಿದು ಕೂತಳು. ದೊಡ್ಡಪ್ಪ ಅಲ್ಲೇ ಇದ್ದರು.

"ಏನ್ ಉಂಡಿದ್ದಿಯೇ?"

"ಉಣ್ಸೇಬೀಜ ಬೇಯ್ಸಿದ್ದೆ ಸಾಮಿ."

"ನಿನ್ನೆ?"

"ಅದೇಯ."

ದೊಡ್ಡಪ್ಪ ಅಲ್ಲಿಂದ ನೆಟ್ಟಗೆ ಕೇರಿಗೆ ಹೋದರು. ಮನೆಮನೆಯ ಮಡಕೆಯ ಮುಚ್ಚಳ ತೆಗೆಸಿ ನೋಡಿದರಂತೆ. ಬಂದವರು ಕೈಕಾಲು ತೊಳೆಯಲಿಲ್ಲ, ಪಟೇಲರಿಂದ ಹಿಡಿದು ಜಮೀನಿದ್ದವರನ್ನೆಲ್ಲ ಚಾವಡಿಗೆ ಕರೆಸಿದರು.

"ಅಗೇವು ತೆಗೀರಿ. ಧರ್ಮಕ್ಕೆ ಕೊಡಿ ಅಂತಿಲ್ಲ. ಕೂಲಿ ದುಡ್ಡಿನ ಬದ್ಲು ರಾಗಿ ಅಳೀರಿ."

"ತೆಗುದ್ರೆ ಲೆವಿಯೋರು ಮೂಗು ತೂರಿಸ್ತಾರೆ ಮೆಂಬರ್ರೇ" ಎಂದರು ಪಟೇಲರು. "ನಿಮ್ಮನ್ನ ಮೈಸೂರಿಗೆ ಕಳ್ಸಿರಾದು ಲೆವಿ ತಪ್ಸಿ ಅಂತ. ನೀವೇ ಇಂಗಂದ್ರೆ ಎಂಗೆ?"

ಒಬ್ಬರೂ ಒಪ್ಪಲಿಲ್ಲ. ದೊಡ್ಡಪ್ಪ ಮನೆಗೆ ಬಂದು ಗುದ್ದಲಿ ತೆಗೆದುಕೊಂಡು ನಮ್ಮ ಅಂಗಳದ ಹಗೇವಿನ ಕಡೆ ನಡೆದರು. ಅಷ್ಟರಲ್ಲಿ ಅಪ್ಪ ಹೋಗಿ ಅದರ ಬಾಯಿಯ ಮೇಲೆ ನಿಂತುಬಿಟ್ಟಿದ್ದರು.

"ಇದ್ರಾಗೆ ನಂದೂ ಪಾಲದೆ."

"ನಿನ್ ಪಾಲು ಒಳ್ಗೇ ಇರ್ತದೆ. ಈಚೆ ಬಾ."

"ನಾನ್ ಬರಾಕಿಲ್ಲ."

ದೊಡ್ಡಪ್ಪ ಗುದ್ದಲಿ ಕೆಳಗಿಟ್ಟರು. ತಮ್ಮನನ್ನು ಎರಡು ಕೈಯಿಂದ ಮಗುವಿನ ಹಾಗೆ ಎತ್ತಿ ಪಕ್ಕದಲ್ಲಿ ನಿಲ್ಲಿಸಿದರು. ಬೈಯಲಿಲ್ಲ. ಮಣ್ಣು ಕೆತ್ತಿ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಜಗಲಿಯ ಮೇಲೆ ಬಂದು ಕೂತರು. ಅಪ್ಪನ ಮುಖ ಕಪ್ಪಿಟ್ಟಿತ್ತು. ಊರವರೆಲ್ಲ ಬೇಲಿಯಾಚೆ ನಿಂತು ನೋಡಿದ್ದರು. ಸಂಜೆ ಕೇರಿಯ ಹೆಂಗಸರು ಮೊರ, ಕುಕ್ಕೆ ಹಿಡಿದು ಬಂದಾಗ ಅಳೆದುಕೊಟ್ಟವರು ದೊಡ್ಡಮ್ಮ. ಅಪ್ಪನ ಪಾಲು ಒಳಗೇ ಉಳಿಯಿತು, ಅದನ್ನು ದೊಡ್ಡಪ್ಪ ಮುಟ್ಟಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಊರು ಮರೆಯುತ್ತಿತ್ತೋ ಏನೋ. ಅವರು ಬಿಡಲಿಲ್ಲ. ಮುಂದಿನ ಸಭೆಗೆ ಹೋಗುವ ಮುಂಚೆ ನನ್ನನ್ನು ಕೂರಿಸಿಕೊಂಡು ಬರೆಸಿದರು. "ನನಗೆ ಓಟು ಕೊಟ್ಟವರ ಹಗೇವಿನಲ್ಲಿ ರಾಗಿ ಇದೆ. ಓಟಿಲ್ಲದವರ ಮಡಕೆಯಲ್ಲಿ ಹುಣಸೆ ಬೀಜ ಇದೆ. ನಾನು ಇಬ್ಬರಿಗೂ ಪ್ರತಿನಿಧಿ. ಹಗೇವುಗಳನ್ನು ತೆಗೆಸಿ, ವಯಸ್ಸಿಗೆ ಬಂದವರಿಗೆಲ್ಲ ಓಟು ಕೊಡಿ ಎಂದು ಕೇಳುತ್ತೇನೆ." ನಾನು ಬರೆಯುವುದನ್ನು ನಿಲ್ಲಿಸಿದೆ. "ಮುಂದ್ಲ ಎಲೆಕ್ಷನ್ನು?" ಎಂದೆ. "ನೀನು ಬರಿಯವ್ವ" ಎಂದರು. ಅವರು ನನ್ನನ್ನು ಅವ್ವ ಎಂದದ್ದು ಅಪರೂಪ.

ಸಭೆಯಲ್ಲಿ ಕೆಲವರು ನಕ್ಕರಂತೆ. ಆದರೆ ಹಗೇವಿನ ಮಾತು ಸರ್ಕಾರದ ಕಿವಿಗೆ ಬಿತ್ತು. ಅಧಿಕಾರಿಗಳು ಕಬ್ಬಿಣದ ಸಲಾಕೆ ಹಿಡಿದು ಊರೂರಿನ ಅಂಗಳ ಚುಚ್ಚುತ್ತ ಬಂದರು. ಎಷ್ಟೋ ಹಗೇವು ಸಿಕ್ಕವು. ಡಿಪೋಗೆ ರಾಗಿ ಬಂತು. ಕೇರಿಗಳಲ್ಲಿ ಒಲೆ ಹತ್ತಿದವು. ದೊಡ್ಡಪ್ಪನ ಬಾಳು ಅಲ್ಲಿಗೆ ಕೆಟ್ಟಿತು.

ಮುಂದಿನ ಚುನಾವಣೆಗೆ ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಸಾಹುಕಾರನೊಬ್ಬ ನಿಂತ. ಮಾತು ಬಾರದು, ಒಂದು ದಿನವೂ ಯಾರಿಗಾಗಿಯೂ ಯಾವ ಕಚೇರಿಯ ಮೆಟ್ಟಿಲೂ ಹತ್ತಿದವನಲ್ಲ. ಅವನ ಕಾರಿನಲ್ಲಿ ಕೂತು ಊರೂರು ಸುತ್ತಿ, "ನಮ್ಮಣ್ಣ ಮನೆ ಒಡುದ, ಈಗ ಊರು ಒಡೀತಾನೆ. ಅವನಿಗೆ ಓಟ್ ಆಕ್ಬ್ಯಾಡಿ" ಎಂದವರು ನನ್ನ ಅಪ್ಪ. ಹೆತ್ತ ಅಪ್ಪನ ಬಗ್ಗೆ ಹೀಗೆ ಬರೆಯಬಾರದು ಎಂದು ನನ್ನ ತಂಗಿ ಹೇಳುತ್ತಾಳೆ. ನಡೆದದ್ದನ್ನೇ ಬರೆಯುತ್ತಿದ್ದೇನೆ. ದೊಡ್ಡಪ್ಪ ನಡೆದುಕೊಂಡೇ ಊರೂರಿಗೆ ಹೋದರು. ಹಿಂದೆ ಹೋಳಿಗೆ ಊಟಕ್ಕೆ ಕರೆಯುತ್ತಿದ್ದ ಮನೆಗಳ ಬಾಗಿಲು ಅವರು ಬೀದಿಯ ತಿರುವಿನಲ್ಲಿ ಕಾಣುತ್ತಲೇ ಮುಚ್ಚುತ್ತಿದ್ದವು. ಹೊಳೆನರಸೀಪುರದ ನಮ್ಮ ನೆಂಟರೊಬ್ಬರು ಮನೆಗೇ ಬಂದು, "ತಪ್ಪಾಯ್ತು ಅಂತ ಒಂದ್ ಮಾತು ಅಂದ್ಬುಡಿ, ಎಲ್ಲ ಸರ್ಯೋಗ್ತದೆ" ಎಂದರು. ದೊಡ್ಡಪ್ಪ ಅವರಿಗೆ ಎಲೆಯಡಿಕೆ ಕೊಟ್ಟು, "ಬಸ್ಸಿಗೆ ಒತ್ತಾಯ್ತು, ಎದ್ದೇಳಿ" ಎಂದರು.

ಓಟಿನ ದಿನ ನಾನೂ ದೊಡ್ಡಮ್ಮನೂ ಗಾಡಿ ಕಟ್ಟಿಸಿಕೊಂಡು ಪೇಟೆಗೆ ಹೋದೆವು. ತಾಲ್ಲೂಕು ಕಚೇರಿಯ ಎದುರಿನ ಹೊಂಗೆಮರಗಳ ಕೆಳಗೆ ಜನ. ನಮ್ಮೂರಿನ ಕೇರಿಯವರು, ಸುತ್ತಲ ಹಳ್ಳಿಗಳ ಕೇರಿಯವರು, ಗಂಡಸರು, ಹೆಂಗಸರು, ಕಂಕುಳ ಕೂಸುಗಳು. ಪೊಲೀಸಿನವನು ಲಾಠಿ ಆಡಿಸುತ್ತ ಬಂದ.

"ಏಯ್, ನಿಮ್ಗೇನು ಓಟದೆಯಾ? ಯಾಕ್ ಕೂತಿದೀರಿ?"

ಕಳೆ ಕೀಳುವ ಆ ಹೆಂಗಸೇ ಎದ್ದು ನಿಂತಳು. "ಓಟಿಲ್ಲ ಸಾ. ನಮ್ ಮೆಂಬರ್ರು ಒಬ್ರೇ ಆಗ್ಬಾರ್ದು ಅಂತ ಬಂದೋ."

ಕಾರಿನಿಂದ ಇಳಿದಿಳಿದು ಒಳಗೆ ಹೋದವರು ಅವರ ಮುಂದೆಯೇ ಹಾದುಹೋದರು. ಅವರಲ್ಲಿ ಅಪ್ಪನೂ ಇದ್ದರು. ದೊಡ್ಡಪ್ಪ ಕಚೇರಿಯ ಮೆಟ್ಟಿಲ ಮೇಲೆ ನಿಂತು ಮರಗಳ ಕಡೆ ನೋಡುತ್ತಿದ್ದರು. ಅಂದು ಕುತ್ತಿಗೆಯ ನರ ಏಳಲಿಲ್ಲ.

ಸೋತರು. ಹೀನಾಯವಾಗಿ ಸೋತರು. ಅವರನ್ನು ಸೋಲಿಸಲು ಓಟಿದ್ದವರು ಸಾಕಾದರು, ಗೆಲ್ಲಿಸಬೇಕಾದವರಿಗೆ ಓಟೇ ಇರಲಿಲ್ಲ. ಅವರು ನ್ಯಾಯವಾಗಿ ಸೋತರು ಎಂದು ಇವತ್ತಿಗೂ ನಮ್ಮ ಕಡೆ ಹೇಳುವವರಿದ್ದಾರೆ. ಅಂಥವರ ಮನೆಯಲ್ಲಿ ನಾನು ನೀರು ಕುಡಿಯುವುದಿಲ್ಲ.

ಮನೆ ಪಾಲಾಯಿತು, ಅಂಗಳದ ನಡುವೆ ಗೋಡೆ ಎದ್ದಿತು. ನನ್ನನ್ನು ಅರಕಲಗೂಡಿಗೆ ಕೊಟ್ಟರು. ಹುಡುಗನ ಕಡೆಯವರು ನೋಡಲು ಬಂದಾಗ "ನಿಂಗೆ ಒಪ್ಗೆನಾ?" ಎಂದು ನನ್ನನ್ನು ಕೇಳಿದವರು ದೊಡ್ಡಪ್ಪ ಒಬ್ಬರೇ. ದೇಶಕ್ಕೆ ಸ್ವಾತಂತ್ರ್ಯ ಬಂತು. ಸಾಹುಕಾರ ಸರಿಗೆ ಪೇಟ ತೆಗೆದು ಬಿಳಿ ಟೋಪಿ ಹಾಕಿಕೊಂಡ, ಬಾವುಟ ಹಾರಿಸಿದ, ಬಡವರ ಬಂಧು ಎನ್ನಿಸಿಕೊಂಡ. ಇನ್ನು ಮುಂದೆ ಎಲ್ಲರಿಗೂ ಓಟು ಬರುತ್ತದಂತೆ ಎಂಬ ಸುದ್ದಿ ಬಂದಾಗ ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು, ಹೊಟ್ಟೆಯ ಗಡ್ಡೆ. ನೋಡಲು ಬಂದಿದ್ದ ನಾನು ಪೇಪರು ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು. "ಬರೋವರ್ಗೂ ನಂಬ್ಬ್ಯಾಡ" ಎಂದರು. ಅದು ಬರುವವರೆಗೆ ಅವರು ಉಳಿಯಲಿಲ್ಲ.

ಹೆಣವನ್ನು ಅಂಗಳದಲ್ಲಿ ಕೂರಿಸಿದ್ದಾಗ ಸಾಹುಕಾರನ ಕಾರು ಬಂತು. ದೊಡ್ಡ ಸೇವಂತಿಗೆ ಹಾರ ತಂದಿದ್ದ. ಅದನ್ನು ಹಾಕಿ, ಜನರ ಕಡೆ ತಿರುಗಿ, "ಇವರು ನನಗೆ ಹಿರಿಯಣ್ಣನ ಹಾಗೆ, ತಾಲ್ಲೂಕೇ ತಬ್ಬಲಿಯಾಯಿತು" ಎಂದು ಭಾಷಣಕ್ಕೆ ಶುರು ಮಾಡಿದ. ಗೋಡೆಯಾಚೆಯಿಂದ ಅಪ್ಪನೂ ಬಂದು ಅವನ ಪಕ್ಕ ನಿಂತಿದ್ದರು. ಹೆಂಗಸರ ನಡುವೆ ಕೂತಿದ್ದ ದೊಡ್ಡಮ್ಮ ಎದ್ದರು. ಗಂಡನ ಕೊರಳಿನಿಂದ ಹಾರ ತೆಗೆದು ಅವನ ಕೈಗೆ ಕೊಟ್ಟರು.

"ಬದ್ಕಿದ್ದಾಗ ಬಾಗ್ಲಾಕ್ಸಿದ್ರಿ. ಈಗ ಇದ್ಯಾಕ್ ತಂದಿದೀರಿ. ತಗೊಂಡೋಗಿ."

ಸಾಹುಕಾರ ಹಾರ ಹಿಡಿದು ಅಂಗಳದ ನಡುವೆ ನಿಂತ. ಎಲ್ಲಿಡುವುದೆಂದು ಅವನಿಗೆ ಗೊತ್ತಾಗಲಿಲ್ಲ, ಯಾರೂ ಮುಂದೆ ಬರಲಿಲ್ಲ. ಅಪ್ಪ ಅದನ್ನು ಇಸಿದುಕೊಳ್ಳಲು ಕೈ ಚಾಚಿದರು. ದೊಡ್ಡಮ್ಮ ಅವರ ಮುಖ ನೋಡಿದರು. ಅಪ್ಪ ಕೈ ಕೆಳಗೆ ಬಿಟ್ಟರು.